ದೊಡ್ಡಣ್ಣ ಇಡಬೇಕಿದ್ದ ಹೆಸರು

ಶಹಾಪುರ,
೧೪ ಫೆಬ್ರುವರಿ ೧೯೯೯

ಪ್ರೀತಿಯ ತಮ್ಮ ತಾಯಪ್ಪನಿಗೆ ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯೋ? ಕೆಮ್ಮು ಕಡಿಮೆಯಾಯಿತೇ? ಬೆಂಗಳೂರಿನ ಪಕ್ಷದ ಕಚೇರಿಯಲ್ಲಿ ಹೊತ್ತು ಹೊತ್ತಿಗೆ ಊಟ ಸಿಗುತ್ತದೆಯೋ, ಅದಕ್ಕೂ ನಿಮ್ಮ ಲೀಡರ್ ದೊಡ್ಡಣ್ಣನ ಅಪ್ಪಣೆ ಆಗಬೇಕೋ? ನಾವೆಲ್ಲ ಆರಾಮ ಇದ್ದೇವೆ. ಈ ಸಲ ಕಾಲುವೆ ನೀರು ಸರಿಯಾಗಿ ಬಂದು ಭತ್ತ ಚೆನ್ನಾಗಿ ಆಗಿದೆ. ನೀರು ಬಂದದ್ದೂ ದೊಡ್ಡಣ್ಣನಿಂದಲೇ ಎಂದು ನಿಮ್ಮವರು ಹೇಳಿಕೊಂಡು ತಿರುಗುತ್ತಿದ್ದಾರೆ, ತಿರುಗಲಿ ಬಿಡು. ನಿನ್ನ ಹೆಂಡತಿ ರೇಣಮ್ಮ ರಂಗಂಪೇಟೆಯ ತವರಿನಲ್ಲಿ ಬಾಣಂತನ ಮುಗಿಸಿ ಮೈ ತುಂಬಿಕೊಂಡಿದ್ದಾಳೆ. ನೀನಿನ್ನೂ ಮುಖ ನೋಡದ ನಿನ್ನ ಮಗಳಂತೂ ಎತ್ತಿಕೊಂಡರೆ ಕೈ ಸೋಲುವಷ್ಟು ಗುಂಡಗಿದ್ದಾಳೆ.

ಮಗಳಿಗೆ ದೊಡ್ಡಣ್ಣನೇ ಹೆಸರಿಡಬೇಕೆಂದು ಹಟ ಹಿಡಿದು ಎರಡು ಸಲ ತೊಟ್ಟಿಲ ಕಾರ್ಯ ಮುಂದೂಡಿಸಿದೆಯಲ್ಲ, ಅಷ್ಟರಲ್ಲಿ ರೇಣಮ್ಮನ ತವರಿನ ಪಕ್ಕದ ಮನೆಯ ಶರೀಫಾಬೀ ಕೂಸನ್ನು ‘ಲೀಡರಮ್ಮ’ ಎಂದು ಕರೆಯಲು ಶುರು ಮಾಡಿದ್ದಳು. ಅದೇ ಹೆಸರು ಗಟ್ಟಿಯಾದರೆ ಏನು ಗತಿ! ಮೊನ್ನೆ ಸುರಪುರದ ಸಭೆಗೆ ದೊಡ್ಡಣ್ಣ ಬರುತ್ತಾರೆ, ಜೊತೆಗೆ ನಾನೂ ಬರುತ್ತೇನೆ ಎಂದು ನೀನು ಹೇಳಿಕಳಿಸಿದೆ. ನಾನೂ ರಂಗಂಪೇಟೆಗೆ ಹೋದೆ, ಹೋಳಿಗೆ ಮಾಡಿದೆವು, ತೊಟ್ಟಿಲು ಸಿಂಗರಿಸಿದೆವು, ಕಾದೇ ಕಾದೆವು. ಮಧ್ಯಾಹ್ನ ನಿಮ್ಮ ತಾಲೂಕು ಅಧ್ಯಕ್ಷ ಅಂಬ್ರಪ್ಪ ಬಂದ. ಸಭೆ ರದ್ದಾಗಿತ್ತು. ಅವರು ಬರದಿದ್ದರೆ ನೀನೂ ಬರುವುದಿಲ್ಲವಲ್ಲ, ರೇಣಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಂಬ್ರಪ್ಪನೋ ದೊಡ್ಡಣ್ಣನ ಫೋಟೋ ತಂದು, ತೊಟ್ಟಿಲ ಪಕ್ಕದ ಕುರ್ಚಿಯ ಮೇಲೆ ಕೂರಿಸಿ, ಕಾರ್ಯ ಮತ್ತೆ ಮುಂದೂಡೋಣ ಎಂದ. ಫೋಟೋ ನೋಡಿ ಕೂಸು ಕಿಟಾರನೆ ಚೀರಿತು.

ನನಗೆ ಸಿಟ್ಟು ನೆತ್ತಿಗೇರಿತು. “ಅಂಬ್ರಪ್ಪಾ, ದೊಡ್ಡಣ್ಣ ಇಲ್ಲದಾಗ ನಿಮ್ಮ ಪಕ್ಷದಾಗ ಯಾರ ಮಾತು ನಡೀತದ?” ಎಂದು ಕೇಳಿದೆ. ಪಾಪ, ತಲೆ ಕೆರೆದುಕೊಂಡ. “ಯಾರದೂ ನಡ್ಯಂಗಿಲ್ರಿ ಅಕ್ಕಾ. ಅವರನ್ನ ಬಿಟ್ರ ನಾವೆಲ್ಲಾ ಬರೇ ಕಾರ್ಯಕರ್ತರು” ಎಂದ. “ನಮ್ಮ ಮನ್ಯಾಗ ಸೋದರತ್ತಿ ಮಾತು ನಡೀತದ, ಸರಿ ಅತ್ಲಾಗ” ಎಂದವಳೇ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿಬಿಟ್ಟೆ! ಹೆಂಗಸರೆಲ್ಲ ಪದ್ಧತಿಯಂತೆ ನನ್ನ ಬೆನ್ನಿಗೆ ಗುದ್ದಿದ್ದೇ ಗುದ್ದಿದ್ದು. ಶರೀಫಾಬೀಯ ಗುದ್ದು ಇನ್ನೂ ನೋಯುತ್ತಿದೆ. ಅಂಬ್ರಪ್ಪ ಅಭ್ಯಾಸಬಲದಿಂದ “ದೊಡ್ಡಣ್ಣಗ...” ಎಂದು ಕೈ ಎತ್ತಿದವನು ನನ್ನ ಮುಖ ನೋಡಿ “ಸೋದರತ್ತಿಗಿ ಜೈ!” ಎಂದು ಮುಗಿಸಿದ. ರೇಣಮ್ಮ ನಕ್ಕದ್ದನ್ನು ನೀನು ನೋಡಬೇಕಿತ್ತು.

ನಿಮ್ಮ ದೊಡ್ಡಣ್ಣನ ಮೇಲೆ ನನಗೇನೂ ದ್ವೇಷವಿಲ್ಲ, ಫೋಟೋದ ಮುಂದೆಯೂ ಒಂದು ಹೋಳಿಗೆ ಇಟ್ಟೆ. ಆದರೆ ಅವರಿಗೆ ಊರೂರಿಗೆ ನಿನ್ನಂಥವರಿದ್ದಾರೆ ತಮ್ಮಾ, ಈ ಕೂಸಿಗೆ ಅಪ್ಪ ನೀನೊಬ್ಬನೇ.

ಮೈ ಕಡೆ ಜೋಪಾನ. ಕೆಮ್ಮಿಗೆ ಬಿಸಿನೀರು ಕುಡಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಭೀಮಾಬಾಯಿ

ತಾ.ಕ.: ಹೆಸರು ಬರೆಯುವುದನ್ನು ಮರೆತಿಲ್ಲ, ಬೇಕೆಂದೇ ಬರೆದಿಲ್ಲ. ಅಂಬ್ರಪ್ಪನಿಗೆ ಫೋನ್ ಮಾಡಿಯೂ ಉಪಯೋಗವಿಲ್ಲ, ಅವನೀಗ ನನ್ನ ಪಕ್ಷ. ಹೆಸರು ಬೇಕಿದ್ದರೆ ರಂಗಂಪೇಟೆಗೆ ಬಂದು ತೊಟ್ಟಿಲ ಮುಂದೆ ಬಗ್ಗು, ನಿನ್ನ ಕಿವಿಯಲ್ಲೂ ನಾನೇ ಹೇಳುತ್ತೇನೆ. ಬೆನ್ನಿಗೆ ಗುದ್ದಲು ಶರೀಫಾಬೀ ಕಾಯುತ್ತಿದ್ದಾಳೆ.