ಮೊದಲ ಗುಟುಕಿನ ಕಾರ್ಡುಗಳು

ಮಾರ್ಚ್ 3, ಬೆಳಿಗ್ಗೆ 7.10

ಕಡಾಯಿ ಕುದಿಯುತ್ತಿದೆ. ಎಂದಿನಂತೆ ಮೂಟೆಯಿಂದ ಒಂದು ಹಿಡಿ ಹಾಪ್ ಹೂವು ತೆಗೆದೆ, ಬಿಯರಿಗೆ ಕಹಿಯನ್ನೂ ವಾಸನೆಯನ್ನೂ ಕೊಡುವುದು ಇದೇ. ಅಂಗೈಗಳ ನಡುವೆ ಉಜ್ಜಿದೆ. ಮೂಗಿನ ಹತ್ತಿರ ತಂದೆ. ಮನಸ್ಸಿನಲ್ಲೇ ನಾಲ್ಕರವರೆಗೆ ಎಣಿಸಿದೆ. ತಲೆಯಾಡಿಸಿದೆ. ಟ್ಯಾಂಕು ತೊಳೆಯುವ ಪೀಪಾಯಿ ನೋಡುತ್ತಿದ್ದ. ಅವನೂ ತಲೆಯಾಡಿಸಿದ. ಅವನು ಕೆಲಸಕ್ಕೆ ಸೇರಿದ ಹದಿನೆಂಟು ವರ್ಷದಿಂದ ಹೀಗೇ. ಅವನ ಹೊಟ್ಟೆ ನೋಡಿ ಯಾರು ಇಟ್ಟ ಹೆಸರೋ, ಈಗ ಅವನ ಮನೆಯವರೂ ಹಾಗೇ ಕರೆಯುತ್ತಾರಂತೆ.

ಏನೂ ಇಲ್ಲ. ಬಿಸಿ ಗಾಳಿ, ಅಷ್ಟೆ.

ಜ್ವರ ಬಿಟ್ಟು ಇಂದಿಗೆ ನಲವತ್ತೊಂದು ದಿನ. ನಾಲಿಗೆ ಕೆಲಸ ಮಾಡುತ್ತದೆ — ಉಪ್ಪು, ಸಿಹಿ, ಹುಳಿ, ಕಹಿ. ಮೂಗು ಮಾತ್ರ ಮುಖದ ಮೇಲೆ ಸುಮ್ಮನೆ ಕೂತಿದೆ. ಡಾಕ್ಟರು ವಾಸನೆ ಹಚ್ಚಿದ ಕಾಗದದ ಪಟ್ಟಿಗಳನ್ನು ಒಂದೊಂದಾಗಿ ಮೂಗಿಗೆ ಹಿಡಿದು ನೋಡಿದರು. "ಬರಬಹುದು. ಬರದೇನೂ ಇರಬಹುದು" ಎಂದರು. ಇದನ್ನು ಹೇಳಲು ಡಾಕ್ಟರೇ ಬೇಕಿತ್ತೆ.

ಹೆಂಡತಿಯನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಇಲ್ಲಿ ಬಿಯರ್ ಮಾಡುವವನು ನಾನು, ಎಲ್ಲರ ಬಾಯಲ್ಲಿ ಮೇಷ್ಟ್ರು. ಮೂಗಿಲ್ಲದ ಬ್ರೂ ಮಾಸ್ಟರನ್ನು ಯಾರು ಇಟ್ಟುಕೊಳ್ಳುತ್ತಾರೆ?

ಸಂಜೆ

ಮಾಲೀಕರು ಕರೆದಿದ್ದರು. ನಮ್ಮ ಹಸಿರು ಲೇಬಲ್ ಬಿಯರಿಗೆ ಈ ತಿಂಗಳ 29ಕ್ಕೆ ಇಪ್ಪತ್ತು ವರ್ಷ. ಜನ ಕೂತು ಕುಡಿಯುವ ಮುಂಭಾಗದ ಹಾಲ್‌ನಲ್ಲಿ ಒಂದು ಬೋರ್ಡು ಹಾಕಿಸುತ್ತಾರಂತೆ. ಹಳೆಯ ಗಿರಾಕಿಗಳು ಅದನ್ನು ಮೊದಲ ಸಲ ಕುಡಿದ ನೆನಪು, ಒಬ್ಬೊಬ್ಬರಿಗೆ ಒಂದೊಂದು ಕಾರ್ಡು.

"ಬರ್ಕೊಳ್ಳೋ ಕೆಲಸ ನಿಮ್ಮದು. ನಿಮ್ಮ ಅಕ್ಷರ ಚೆನ್ನಾಗಿದೆ. ಆಮೇಲೆ ಮೇಷ್ಟ್ರೇ, ಅವತ್ತಿಗೆ ಒಂದು ಸ್ಪೆಷಲ್ ಬ್ಯಾಚ್. ಮೊದಲನೇ ವರ್ಷ ಹೇಗಿತ್ತೋ ಹಾಗೇ ಇರ್ಬೇಕು. ಕೂದಲೆಳೆಯಷ್ಟೂ ಆಚೀಚೆ ಆಗ್ಬಾರ್ದು."

ಆಗಲಿ ಎಂದೆ. ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು.

ಮಾರ್ಚ್ 4, ಮಧ್ಯಾಹ್ನ 3.30

ಹಾಲಿನಲ್ಲಿ ಹಳೆಯ ಗಿರಾಕಿಗಳ ಬೆಂಚಿನ ಕೊನೆಯಲ್ಲಿ ನಾನು, ಐವತ್ತು ಖಾಲಿ ಕಾರ್ಡು, ಪೆನ್ನು. ಮೊದಲು ಡ್ರೈವರ್ ಮಾಮ. ಬಸ್ಸು ಬಿಟ್ಟು ಆರು ವರ್ಷವಾಯಿತು, ಇನ್ನೂ ಕೂರುವಾಗ ಬಲಗಡೆಯ ಜಾಗವೇ ಬೇಕು.

"ಬರ್ಕೊಳ್ಳಿ ಮೇಷ್ಟ್ರೇ. ಅದುವರೆಗೂ ನಾನು ಕುಡೀತಿದ್ದಿದ್ದು ಬಿಯರಲ್ಲ, ನೀರಿನ ತಮ್ಮ. ಇದನ್ನ ಬಾಯಿಗೆ ಹಾಕಿದ್ದೇ ತಡ, ಯಾರೋ ಔಷಧಿ ಬೆರೆಸಿ ಕೊಟ್ರು ಅಂದ್ಕೊಂಡೆ. ಉಗಿಯೋಣ ಅಂದ್ರೆ ಎದುರಿಗೇ ಕಂಡಕ್ಟರು ಕೂತಿದಾನೆ. ಮರ್ಯಾದೆ ಪ್ರಶ್ನೆ. ನುಂಗಿದೆ."

"ಆಮೇಲೆ?"

"ಮೂರನೇ ಗುಟುಕಿಗೆ ಕಹಿ ಪಕ್ಕಕ್ಕೆ ಸರೀತು. ರಷ್ ಬಸ್ಸಲ್ಲಿ ಬಾಗಿಲಲ್ಲಿ ನಿಂತಿರೋ ದಪ್ಪ ಆಸಾಮಿ ಇಳಿದ್ರೆ ಹಿಂದಿರೋರ ಮುಖ ಎಲ್ಲ ಕಾಣತ್ತಲ್ಲ, ಹಾಗೆ."

"ಏನು ಕಂಡಿತು?"

"ವಾಸನೆ. ಕಿತ್ತಳೆ ಸಿಪ್ಪೆ ಚಿವುಟಿದ್ರೆ ಕಣ್ಣಿಗೆ ಸಿಡಿಯತ್ತಲ್ಲ..."

"ಹಸಿ ಸಿಪ್ಪೆಯೋ, ಒಣಗಿದ್ದೋ?"

"ಹಸೀದು."

"ಬರೀ ಕಿತ್ತಳೆಯೋ? ಅದರ ಹಿಂದೆ ಇನ್ನೇನಾದರೂ?"

ಕನ್ನಡಕದ ಮೇಲಿನಿಂದ ನೋಡಿದ. "ಏನ್ ಮೇಷ್ಟ್ರೇ, ಕುಡಿದಿದ್ದಕ್ಕೆ ಕೇಸ್ ಹಾಕ್ತೀರಾ?"

ಬೆಂಚಿಗೆ ಬೆಂಚೇ ನಕ್ಕಿತು. ನಾನೂ ನಕ್ಕೆ. ಕಾರ್ಡಿನಲ್ಲಿ ಹಸಿ ಕಿತ್ತಳೆ ಸಿಪ್ಪೆ ಎಂದು ಬರೆದೆ. ಅದೇ ಅಕ್ಷರಗಳನ್ನು ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಅಕ್ಷರಗಳಿಗೆ ಯಾವ ವಾಸನೆಯೂ ಇಲ್ಲ.

ಮಾರ್ಚ್ 6

ಟೈಲರ್ ಅಕ್ಕ. ವಾರಕ್ಕೆ ಒಂದು ಸಲ, ಅಂಗಡಿ ಮುಚ್ಚಿ ಬರುತ್ತಾಳೆ. ಒಂದೇ ಗ್ಲಾಸು. ಕಿವಿಯ ಹಿಂದೆ ಸೀಮೆಸುಣ್ಣದ ತುಂಡು.

"ನನ್ನ ಮೊದಲ್ನೇ ಗುಟುಕು ಗ್ಲಾಸಿಂದಲ್ಲ. ಬರೀಬೇಡಿ ಇದನ್ನ."

ಪೆನ್ನು ಕೆಳಗಿಟ್ಟೆ.

"ನಮ್ಮ ಯಜಮಾನ್ರ ಮೀಸೆಯಿಂದ. ಇಲ್ಲಿಂದ ಸೀದಾ ಬಂದು, ಬಾಗಿಲು ತೆಗೆದ ತಕ್ಷಣ..."

"ಬರೀರಿ ಮೇಷ್ಟ್ರೇ, ಇದನ್ನೇ ಎಲ್ಲಕ್ಕಿಂತ ಮೇಲೆ ಅಂಟಿಸಿ," ಎಂದ ಡ್ರೈವರ್ ಮಾಮ.

"ಸುಮ್ನಿರಿ ಡ್ರೈವರೇ. ನಿಮ್ಮ ಪ್ಯಾಂಟು ನನ್ನ ಹತ್ರ ಇದೆ. ಒಂದು ಕಾಲು ಗಿಡ್ಡ ಮಾಡಿಬಿಟ್ಟೇನು."

ನಗು ಇಳಿದ ಮೇಲೆ ಗ್ಲಾಸನ್ನು ಮುಖದ ಹತ್ತಿರ ಹಿಡಿದುಕೊಂಡು, ಕುಡಿಯದೆ, ಹೇಳಿದಳು: "ಅವರು ಹೋಗಿ ಒಂಬತ್ತು ವರ್ಷ. ಮುಖ ನೆನಪಿಗೆ ಬರ್ಲಿಲ್ಲ ಅಂದ್ರೆ ಫೋಟೋ ನೋಡ್ಕೋತೀನಿ. ಇದಕ್ಕೆ ಫೋಟೋ ಎಲ್ಲಿಂದ ತರೋದು? ಹೀಗೆ ಹಿಡ್ಕೊಂಡ್ರೆ ಸಾಕು, ಬಂದು ಬಾಗಿಲಲ್ಲಿ ನಿಂತ್ಕೋತಾರೆ. ಅದಕ್ಕೇ ಬರೋದು ನಾನು. ಕುಡಿಯೋಕಲ್ಲ."

ಯಾವ ಥರದ ವಾಸನೆ ಎಂದು ಕೇಳಲು ಬಾಯಿ ತೆರೆದೆ. ಮುಚ್ಚಿದೆ. ಆಮೇಲೆ ಕೇಳಿಯೇ ಬಿಟ್ಟೆ. ನಾಚಿಕೆಯಾಗಲಿಲ್ಲ, ಅದು ಈಗ ಆಗುತ್ತಿದೆ.

ಮಾರ್ಚ್ 8, ಭಾನುವಾರ

ಈಗ ನನ್ನ ಮೂಗು ಹೆಂಡತಿಯ ಮುಖದಲ್ಲಿದೆ. ಬ್ಯಾಚಿಗೆ ಬೇಕಾದ ಮೂರು ಮೂಟೆಗಳಿಂದ ಒಂದೊಂದು ಹಿಡಿ ತೆಗೆದು ಊಟದ ಡಬ್ಬಿಯ ಮೂರು ಅಂತಸ್ತಿನಲ್ಲಿ ತಂದಿದ್ದೆ. ಲೈಬ್ರರಿಯಲ್ಲಿ ಕೆಲಸ ಅವಳದು. ಏನನ್ನು ಕೇಳಿದರೂ ಮೊದಲು ಕನ್ನಡಕ ಹಾಕಿಕೊಳ್ಳುತ್ತಾಳೆ. ವಾಸನೆ ನೋಡಲಿಕ್ಕೂ.

ಒಂದನೆಯದು: "ಕಿತ್ತಳೆ. ಫ್ರಿಜ್ಜಿನ ಹಿಂದುಗಡೆ ಮರೆತಿದ್ದು."

ಎರಡನೆಯದು: "ಪಾರ್ಕಲ್ಲಿ ಹುಲ್ಲು ಕತ್ತರಿಸೋ ಮಿಷನ್ನು ಹೋದ ಮೇಲೆ ಬರತ್ತಲ್ಲ, ಅದು."

ಮೂರನೆಯದು: ಮುಖ ಹಿಂದಕ್ಕೆ ತೆಗೆದಳು. "ಕಾಲುಚೀಲ ಕಣ್ರೀ."

ಜೋರಾಗಿ ನಕ್ಕೆ. ಮದುವೆಯಾದ ಹೊಸದರಲ್ಲಿ ಮೊದಲ ದಿನ ಕೆಲಸ ಮುಗಿಸಿ ಬಂದಾಗ ನನ್ನ ಅಂಗಿ ಮೂಸಿ "ಯಾರ ಕಾಲುಚೀಲ ಇದು?" ಎಂದಿದ್ದಳು. ಅಂದಿನಿಂದ ನಾನು ತಂದದ್ದೆಲ್ಲ ಅವಳಿಗೆ ಕಾಲುಚೀಲವೇ. ಬಹುಮಾನ ಬಂದ ಬ್ಯಾಚು ತೊಳೆದ ಕಾಲುಚೀಲ. ಅವಳೂ ನಕ್ಕಳು, ನಾನು ನಕ್ಕದ್ದಕ್ಕೆ. ಈ ಮನೆಯಲ್ಲಿ ನಗು ಕೇಳಿ ಒಂದು ತಿಂಗಳ ಮೇಲಾಗಿತ್ತು.

ಬಾಕಿ ಎರಡು ಡಬ್ಬಿ ಖಾಲಿ ಮಾಡಿದೆ. ಮೂರನೆಯದನ್ನು ಕಪಾಟಿನಲ್ಲಿಟ್ಟೆ.

ಮಾರ್ಚ್ 9

ಮೂರು ಮೂಟೆಯ ಮೇಲೂ ಸೀಮೆಸುಣ್ಣದಲ್ಲಿ 'ಓಕೆ' ಬರೆದೆ. ಬ್ಯಾಚು ಹಾಕಿದೆವು.

ಮಾರ್ಚ್ 16

ಹುದುಗು ಇಳಿಯಿತು. ತಣ್ಣಗಾದ ಟ್ಯಾಂಕಿಗೆ ಕೊನೆಯ ಹಾಪ್ ಹಾಕಿದೆವು. ಇದು ಕುದಿಯುವುದಿಲ್ಲ, ಹಾಗಾಗಿ ಕಹಿ ಕೊಡುವುದಿಲ್ಲ, ಕೊಡುವುದೆಲ್ಲ ವಾಸನೆಯೇ. ಮೂರನೆಯ ಮೂಟೆ, ಅರ್ಧ. ಉಜ್ಜಿದೆ, ಮೂಗಿಗೆ ಹಿಡಿದೆ, ನಾಲ್ಕು ಎಣಿಸಿದೆ.

ಪೀಪಾಯಿ ಏನೋ ಹೇಳಲು ಬಂದವನಂತೆ ನಿಂತ. "ಏನೋ?" ಎಂದೆ. "ಏನಿಲ್ಲ ಸಾರ್" ಎಂದು ಮೂಟೆಯ ಬಾಯಿ ಕಟ್ಟಿದ.

ಮಾರ್ಚ್ 22

ಟ್ಯಾಂಕಿನ ಕೆಳಗೆ ಮೂರು ಗ್ಲಾಸು. ಮಾಲೀಕರು, ನಾನು, ಪೀಪಾಯಿ. ನಮ್ಮಲ್ಲೊಂದು ನಿಯಮವಿದೆ, ನಾನೇ ಮಾಡಿದ್ದು. ರುಚಿ ನೋಡುವಾಗ ಮೇಷ್ಟ್ರು ಮಾತಾಡುವ ತನಕ ಯಾರೂ ಬಾಯಿ ಬಿಡಬಾರದು. ಎಲ್ಲರೂ ಒಟ್ಟಿಗೆ ಮಾತಾಡಿದರೆ ನನ್ನ ಮೂಗಿನ ಗಮನ ತಪ್ಪುತ್ತದೆ ಎಂದು.

ಕುಡಿದೆ. ಕಹಿ ಸರಿಯಾಗಿತ್ತು. ಎಲ್ಲಿ ಇರಬೇಕೋ ಅಲ್ಲೇ ಇತ್ತು. ಅದರಾಚೆ ಬಿಳಿ ಗೋಡೆ.

ಇಬ್ಬರೂ ನನ್ನ ಮುಖ ನೋಡುತ್ತಿದ್ದರು.

"ಸರಿಯಾಗಿದೆ," ಎಂದೆ.

ಮಾಲೀಕರು ಬೆನ್ನು ತಟ್ಟಿದರು. ಪೀಪಾಯಿ ಗ್ಲಾಸಿನ ತಳವನ್ನೇ ನೋಡುತ್ತ, "ನೀವು ಹೇಳಿದ ಮೇಲೆ ಸರಿನೇ ಸಾರ್," ಎಂದ.

ಮಾರ್ಚ್ 26, ಬೆಳಿಗ್ಗೆ

ಹೆಂಡತಿ ಕಪಾಟು ಒರೆಸುತ್ತಿದ್ದಳು. ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದು ತೋಳನ್ನು ಉದ್ದಕ್ಕೆ ಚಾಚಿ ಹಿಡಿದಳು.

"ಇದಿನ್ನೂ ಇಟ್ಕೊಂಡಿದೀರಾ? ಅವತ್ತೇ ಹೇಳಿದ್ನಲ್ಲ, ಕಾಲುಚೀಲ ಅಂತ."

"ನೀನು ಎಲ್ಲದಕ್ಕೂ ಅದೇ ಹೇಳೋದಲ್ಲ."

"ಎಲ್ಲದಕ್ಕೂ ಹೇಳಿದ್ನಾ? ಮಿಕ್ಕಿದ್ದಕ್ಕೆ ಕಿತ್ತಳೆ ಅಂದೆ, ಹುಲ್ಲು ಅಂದೆ. ಇದೊಂದಕ್ಕೆ..." ನಿಂತಳು. ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದಳು. "ರೀ. ಅದು ತಮಾಷೆ ಅಂದ್ಕೊಂಡ್ರಾ?"

ಹಳೆಯ ಹಾಪ್ ಗಾಳಿ ತಗುಲಿ ಕೆಟ್ಟರೆ ಬರುವುದು ಅದೇ ವಾಸನೆ. ವಾರಗಟ್ಟಲೆ ತೊಳೆಯದ ಕಾಲುಚೀಲ. ಕೆಲಸಕ್ಕೆ ಸೇರಿದ ಮೊದಲ ವಾರ ಹೊಸಬರಿಗೆ ನಾನೇ ಹೇಳಿಕೊಡುವ ಪಾಠ.

"ನೀವು ನಕ್ಕಿರಲ್ಲ," ಎಂದಳು. "ಅದಕ್ಕೇ ನಾನೂ ನಕ್ಕೆ."

ಅವಳದೇನೂ ತಪ್ಪಿಲ್ಲ ಎಂದೆ. ಹೊಸ ಬ್ಯಾಚಿಗೆ ಮೂರು ವಾರ ಬೇಕು. ಇರುವುದು ಮೂರು ದಿನ.

ಮಧ್ಯಾಹ್ನ

ಹೇಳಲೆಂದೇ ಮಾಲೀಕರ ಕೋಣೆಗೆ ಹೋದೆ. ಕಾರ್ಡುಗಳನ್ನು ಮೇಜಿನ ತುಂಬ ಹರಡಿಕೊಂಡು ಓದುತ್ತಿದ್ದರು. ಕಣ್ಣು ಒದ್ದೆ. "ನೋಡಿ ಮೇಷ್ಟ್ರೇ, ಒಬ್ಬೊಬ್ರೂ ಏನೇನು ಇಟ್ಕೊಂಡಿದಾರೆ ಮನಸ್ಸಲ್ಲಿ! ನಾವು ಬರೀ ಬಿಯರ್ ಮಾಡ್ತಿದೀವಿ ಅಂದ್ಕೊಂಡಿದ್ದೆ."

ಅಂಟು ಬಾಟಲಿಯ ಮುಚ್ಚಳ ಬಿಗಿಯಾಗಿತ್ತು. ತೆಗೆದುಕೊಟ್ಟು ಬಂದೆ.

ಮಾರ್ಚ್ 29, ಸಂಜೆ 5.45

ಮುಗಿಯಿತು. ಆದ ಹಾಗೇ ಬರೆದಿಡಬೇಕು.

ಮಧ್ಯಾಹ್ನ ಎರಡಕ್ಕೆ ಹಾಲ್ ತುಂಬಿತ್ತು. ಮೊದಲ ಗ್ಲಾಸು ಡ್ರೈವರ್ ಮಾಮನಿಗೆ. ಎಲ್ಲರೂ ಸುತ್ತ ನಿಂತರು. ಮೂಗಿಗೆ ಹಿಡಿದ. ಒಂದು ಕ್ಷಣ ಹುಬ್ಬು ಕೂಡಿತು. ನನ್ನತ್ತ ನೋಡಿದ. ಮತ್ತೆ ಗ್ಲಾಸಿನತ್ತ. ಒಂದೇ ಸಲ ಅರ್ಧ ಇಳಿಸಿ, ಹಾಲ್‌ಗೆಲ್ಲ ಕೇಳುವಂತೆ ಹೇಳಿದ:

"ಇದೇ! ಮೊದಲ್ನೇ ದಿನದ್ದೇ!"

ಚಪ್ಪಾಳೆ. ಆಮೇಲೆ ಕುಡಿದವರೆಲ್ಲ ಇದೇ, ಇದೇ ಎಂದರು. ಒಬ್ಬೊಬ್ಬರ ಮುಖವನ್ನೂ ನೋಡಿದೆ. ಯಾವ ಮುಖದಲ್ಲೂ ನನಗೆ ಏನೂ ಸಿಗಲಿಲ್ಲ.

ಟೈಲರ್ ಅಕ್ಕ ಮೂಲೆಯಲ್ಲಿದ್ದಳು. ಎಂದಿನಂತೆ ಗ್ಲಾಸನ್ನು ಮುಖದ ಹತ್ತಿರ ಹಿಡಿದಳು. ಕಣ್ಣು ಮುಚ್ಚಿದಳು. ಕಾದಳು. ಕಣ್ಣು ತೆರೆದು ಗ್ಲಾಸಿನೊಳಗೆ ನೋಡಿದಳು. ಇನ್ನೊಮ್ಮೆ ಹಿಡಿದಳು. ಆಮೇಲೆ ತುಂಬಿದ ಗ್ಲಾಸನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು ಎದ್ದಳು.

"ಯಾಕಕ್ಕ?" ಎಂದೆ.

"ತಲೆನೋವು ಮೇಷ್ಟ್ರೇ. ಇವತ್ತು ಬೇಡ." ಬಾಗಿಲವರೆಗೆ ಹೋಗಿ ತಿರುಗಿದಳು. "ಮುಂದಿನ ವಾರ ಸರಿ ಹೋಗತ್ತೆ ಅಲ್ವಾ?"

ತಲೆನೋವನ್ನೇ ಕೇಳಿದಳು ಎಂದುಕೊಂಡು ಹೌದು ಎಂದೆ.

ಹೊರಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಡ್ರೈವರ್ ಮಾಮ ಸಿಕ್ಕಿದ.

"ನಿಜ ಹೇಳಿ. ಕೆಟ್ಟಿತ್ತಾ?"

"ಯಾವಾಗಿಂದ ಮೇಷ್ಟ್ರೇ?" ಎಂದ.

"ಏನು ಯಾವಾಗಿಂದ?"

"ಮೂವತ್ತು ವರ್ಷ ಬಸ್ ಓಡಿಸಿದೀನಿ. ದಾರಿ ಗೊತ್ತಿರೋರು ಕೇಳೋದು ಒಂದು ಥರ, ದಾರಿ ತಪ್ಪಿದೋರು ಕೇಳೋದು ಇನ್ನೊಂದು ಥರ. ಹಸೀದೋ ಒಣಗಿದ್ದೋ, ಹಿಂದೆ ಏನಿತ್ತು, ಮುಂದೆ ಏನಿತ್ತು... ನೀವು ನಮ್ಮ ನೆನಪು ಬರ್ಕೊಳ್ತಿರ್ಲಿಲ್ಲ. ದಾರಿ ಕೇಳ್ತಿದ್ರಿ."

"ಎಲ್ಲರಿಗೂ ಗೊತ್ತಾ?"

"ಬೆಂಚಿನೋರಿಗೆ ಹೇಳಿಟ್ಟಿದ್ದೆ. ಹೇಗಿದ್ರೂ ಬಾಯಿ ಮುಚ್ಕೊಂಡು ಕುಡೀರಿ ಅಂತ." ಭುಜದ ಮೇಲೆ ಕೈಯಿಟ್ಟ. "ಇಪ್ಪತ್ತು ವರ್ಷ ನೀವು ನಮಗೆ ಒಳ್ಳೇದು ಕೊಟ್ರಿ. ಒಂದಿನ ಕೆಟ್ಟದ್ದು ಕುಡಿದ್ರೆ ಸಾಯ್ತೀವಾ?"

ಆ ಕೈಯ ಭಾರ ಇನ್ನೂ ಭುಜದ ಮೇಲಿದೆ. ಬೈದಿದ್ದರೆ ಇಷ್ಟು ಹೊತ್ತಿಗೆ ಇಳಿದಿರುತ್ತಿತ್ತು.

ಮಾರ್ಚ್ 30, ಬೆಳಿಗ್ಗೆ 10

ಹೇಳಿದೆ. ನಿಂತುಕೊಂಡೇ. ಜ್ವರ, ಮೂಗು, ಮೂಟೆ, ಹೆಂಡತಿ ಹೇಳಿದ್ದು, ಒಂದೂ ಬಿಡದೆ. ಬೆಂಚಿನವರ ವಿಷಯ ಮಾತ್ರ ಹೇಳಲಿಲ್ಲ, ಅದು ನನ್ನದಲ್ಲ.

ಮಾಲೀಕರು ಪೂರ್ತಿ ಕೇಳಿದರು. "ನಿನ್ನೆ ಒಬ್ರಾದ್ರೂ ಚೆನ್ನಾಗಿಲ್ಲ ಅಂದ್ರಾ?"

"ಇಲ್ಲ."

"ನಾನೇ ಮೂರು ಗ್ಲಾಸ್ ಕುಡಿದೆ. ಸ್ವಲ್ಪ ಖಡಕ್ಕಾಗಿತ್ತು, ಹಳೇ ಕಾಲದ್ದು ಹಾಗೇ ಇದ್ದಿದ್ದು. ಜ್ವರ ಬಂದ ಮೇಲೆ ಮನಸ್ಸಿಗೆ ಹೀಗೆಲ್ಲ ಅನ್ನಿಸತ್ತೆ ಮೇಷ್ಟ್ರೇ. ಎರಡು ದಿನ ಮನೇಲಿರಿ. ಆಮೇಲೆ ಬಂದು ಇನ್ನೊಂದು ಬ್ಯಾಚ್ ಹಾಕಿ. ಇದೇ ಥರ."

"ಇದೇ ಥರ?"

"ಇದೇ ಥರ. ಆ ಮೂಟೆ ಇನ್ನೂ ಅರ್ಧ ಇದೆಯಂತಲ್ಲ, ಪೀಪಾಯಿ ಹೇಳ್ದ."

ಹೊರಡುವಾಗ ಕೈಗೆ ಒಂದು ಖಾಲಿ ಕಾರ್ಡು ಕೊಟ್ಟರು. ಬೋರ್ಡಿನ ನಡುವೆ ಒಂದು ಜಾಗ ಬಿಟ್ಟಿದ್ದಾರಂತೆ. ನನ್ನ ಮೊದಲ ಗುಟುಕಿಗೆ.

ಮಾರ್ಚ್ 31, ಮಧ್ಯಾಹ್ನ 4.20

"ಬರೆದ್ರಾ?" ಹೆಂಡತಿ ಅಡುಗೆಮನೆಯಿಂದ.

"ಬರೀತಿದೀನಿ."

ಕಾರ್ಡಿನ ಮೇಲೆ ಬರೆಯುವ ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಆಗ ಇಪ್ಪತ್ತಾರು ವರ್ಷ ನನಗೆ. ಹಸಿರು ಲೇಬಲ್ ಇನ್ನೂ ಹುಟ್ಟಿರಲಿಲ್ಲ, ಅದು ನಾನು ಕುಡಿದ ಮೊದಲ ಬಿಯರು. ಅಣ್ಣನ ಬಾಡಿಗೆ ಕೋಣೆ, ಮೂರನೆಯ ಮಹಡಿ. ಕಿಟಕಿಗೆ ಪರದೆ ಇರಲಿಲ್ಲ, ಪತ್ರಿಕೆ ಅಂಟಿಸಿದ್ದ. ಎರಡೇ ಗ್ಲಾಸು. ಒಂದರ ಅಂಚು ಚೂರು ಹೋಗಿತ್ತು; ಅದನ್ನು ತಾನು ತೆಗೆದುಕೊಂಡು ಚೆನ್ನಾಗಿರುವುದನ್ನು ನನಗೆ ಕೊಟ್ಟ. ನೊರೆ ಇಳಿಯುವುದನ್ನು ಇಬ್ಬರೂ ನೋಡುತ್ತ ಕೂತೆವು. "ಮೊದಲು ಕಹಿ ಅನ್ಸತ್ತೆ," ಎಂದ ಅಣ್ಣ. "ಹೆದರ್ಬೇಡ. ಸ್ವಲ್ಪ ತಡಿ, ಅದರ ಹಿಂದೆ ಬರತ್ತೆ."

ಕುಡಿದೆ. ಕಹಿ. ನಾಲಿಗೆಯ ಹಿಂಭಾಗ ಹಿಡಿದುಕೊಂಡಿತು. ಮುಖ ಕಿವುಚಿರಬೇಕು, ಅಣ್ಣ ನಕ್ಕ. ತಡೆದೆ. ಆಮೇಲೆ ಆ ಕಹಿಯ ಹಿಂದಿನಿಂದ, ನಿಧಾನವಾಗಿ...

ಮುಂದಿನ ಪದಕ್ಕೆ ಪೆನ್ನು ಕಾಯುತ್ತಿದೆ.