ಅವರ ಚೀಟಿ ಇವರಿಗೆ

ನನ್ನ ಮನೆಯವಳಾದ ರುದ್ರಮ್ಮನಿಗೆ,

ನೀನು ಹೋಗಿ ಎರಡು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಹೇಳಬೇಕಾದದ್ದು ಒಂದೇ ವಿಷಯ. ಆದರೆ ನಾನು ಯಾವತ್ತು ನೇರವಾಗಿ ವಿಷಯಕ್ಕೆ ಬಂದಿದ್ದೇನೆ?

ಚಿತ್ರದುರ್ಗದ ಡಾಕ್ಟರು ನಿನಗೆ ಬಿ.ಪಿ. ಮಾತ್ರೆ ಬರೆದುಕೊಟ್ಟಿದ್ದರು. ಆಮೇಲೆ ನೀನು ಎದೆ ಡವಡವ ಅನ್ನುತ್ತದೆ ಎಂದಾಗ ಹಿರಿಯೂರಿನ ಡಾಕ್ಟರ ಹತ್ತಿರ ಹೋದೆವು. ಬೆಂಚಿನ ಮೇಲೆ ಕೂತು ನೀನು ನನ್ನ ಜೇಬು ಮುಟ್ಟಿದೆ. "ಏನ್ರೀ, ದುರ್ಗದ ಚೀಟಿ ಇವ್ರಿಗೂ ತೋರ್ಸ್ರಿ."

"ಸುಮ್ನಿರೇ. ಅವ್ರ ಚೀಟಿ ಇವ್ರಿಗೆ ತೋರ್ಸಿದ್ರೆ ಇನ್‌ಸಲ್ಟ್ ಆಗ್ತೈತೆ" ಎಂದು ನಾನು ಗದರಿದೆ. ಬೇರೆ ಮಾತ್ರೆ ಏನಾದರೂ ನುಂಗುತ್ತಿದ್ದಾರಾ ಎಂದು ಡಾಕ್ಟರು ಕೇಳಿದಾಗಲೂ ಇಲ್ಲವೆಂದೆ.

ಮನೆಯಲ್ಲಿ ಎರಡು ಪೊಟ್ಟಣ ಆದವು. ಒಂದರ ಹೆಸರು ಎಸ್‌ನಿಂದ ಶುರು, ಇನ್ನೊಂದರದು ಎ. ಇಂಟರ್‌ಮೀಡಿಯೆಟ್ ಅರ್ಧಕ್ಕೆ ಬಿಟ್ಟವನ ಇಂಗ್ಲಿಷಿಗೆ ಅಷ್ಟು ಸಾಕಿತ್ತು: ಸ್ಪೆಲಿಂಗ್ ಬೇರೆ, ಆದ್ದರಿಂದ ಔಷಧ ಬೇರೆ. 'ಟ್ವೈಸ್ ಡೈಲಿ, ಆಫ್ಟರ್ ಫುಡ್' ಎಂದು ಜೋರಾಗಿ ಓದಿ ನಾನೇ ನಿನ್ನ ಅಂಗೈಗೆ ಹಾಕುತ್ತಿದ್ದೆ.

ನೀನು ಗೋಡೆ ಹಿಡಿದು ನಡೆಯತೊಡಗಿದ್ದು ಅಲ್ಲಿಂದ. ಚಿಕ್ಕಜಾಜೂರಿನಲ್ಲಿ ನಿನ್ನ ತಂಗಿಯ ಮಗಳ ಮದುವೆಗೆ ಸೀರೆ ಉಟ್ಟು ಹೊರಟವಳು ಹೊಸಿಲಲ್ಲೇ ಕುಸಿದು ಕೂತೆ.

"ತಲೆ ಗಿರ್ರಂತೈತ್ರಿ."

"ಎಲ್ಲಾ ಇಮ್ಯಾಜಿನೇಶನ್ ಕಣೇ. ಏಳು, ಹೋಗಾಣ."

ನೀನು ಏಳಲಿಲ್ಲ, ನಾನೊಬ್ಬನೇ ಹೋದೆ. "ಅಕ್ಕಂಗೆ ನಮ್ಮನೆ ಅಂದ್ರೆ ಸಸಾರ ಬಿಡ್ರಿ ಭಾವ" ಎಂದಳು ನಿನ್ನ ತಂಗಿ. ನಾನು ನಕ್ಕು, "ಅವ್ಳಿಗೆ ಈಗೀಗ ಸೋಂಬೇರಿತನ" ಅಂದುಬಿಟ್ಟೆ. ಆ ಮಾತು ನೆಂಟರ ಮನೆಗಳನ್ನೆಲ್ಲ ಸುತ್ತಿತು. ನಿನ್ನ ಕಿವಿಗೂ ಬಿದ್ದಿತ್ತೇ?

ಮೊನ್ನೆ ಹೊಳಲ್ಕೆರೆ ಆಸ್ಪತ್ರೆಗೆ ಹೋಗಿದ್ದೆ. ಈಗ ನನಗೂ ಬಿ.ಪಿ. ಅಲ್ಲಿ ಕಣ್ಣು, ಕಾಲು, ಎದೆ, ಯಾವುದಕ್ಕೆ ತೋರಿಸಿದರೂ ಎಲ್ಲವನ್ನೂ ಒಂದೇ ಕಾರ್ಡಿನಲ್ಲಿ ಬರೆಯುತ್ತಾರೆ. ನರ್ಸಮ್ಮ, ಮಾತ್ರೆ ಕೊಡುವವರು, ಎಲ್ಲರೂ ಅದನ್ನೇ ನೋಡುತ್ತಾರೆ. ಮನೆಯಲ್ಲಿರುವ ಮಾತ್ರೆಯೆಲ್ಲ ತನ್ನಿ ಎಂದಿದ್ದರು ಡಾಕ್ಟರಮ್ಮ. ಡಬ್ಬಿ ಸುರಿದರೆ ನಿನ್ನ ಪೊಟ್ಟಣಗಳೂ ಬಿದ್ದವು.

"ಇವೆರಡು ಯಾರ್ದು?"

"ನಮ್ಮನೆಯವ್ರದು. ಈಗಿಲ್ಲ."

"ಕಂಪ್ನಿ ಇಟ್ಟ ಹೆಸ್ರಷ್ಟೇ ಬೇರೆ, ಎರಡ್ರಲ್ಲೂ ಒಂದೇ ಔಷಧ ಐತಲ್ರಿ ಯಜಮಾನ್ರೆ! ಭಾಳ ತಲೆ ಸುತ್ತಿರ್ಬೇಕು ಅವ್ರಿಗೆ."

ಪ್ರಾಣ ಹೋದದ್ದಕ್ಕೂ ಅದೇ ಕಾರಣವೇ ಎಂದು ಕೇಳಿದೆ. ಹಾಗೆ ಹೇಳಲಾಗದು ಎಂದರು. ಆದರೆ ಆ ಕೊನೆಯ ವರ್ಷ, ನೀನು ಗೋಡೆ ಹಿಡಿದುಕೊಂಡು...

ನಿನ್ನೆ ಚಿಕ್ಕಜಾಜೂರಿಗೆ ಹೋದೆ. ತಂಗಿ ರೊಟ್ಟಿ ತಟ್ಟುತ್ತಿದ್ದಳು. "ನಿಮ್ಮಕ್ಕ ಸೋಂಬೇರಿ ಆಗಿರ್ಲಿಲ್ಲ ಕಣಮ್ಮ. ನಾನೇ ಮಾತ್ರೆ ಡಬಲ್ ಕೊಟ್ಟಿದ್ದೆ" ಎಂದೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಊಟಕ್ಕೆ ಏಳ್ರಿ ಅಂತ ಅವಳು ಅನ್ನಲಿಲ್ಲ.

ಇನ್ನು ರಾಮಗಿರಿ, ಬಬ್ಬೂರು, ಹೊಸದುರ್ಗದ ನೆಂಟರು ಉಳಿದಿದ್ದಾರೆ. ಒಂದು ಮನೆಯನ್ನೂ ಬಿಡುವುದಿಲ್ಲ.