ಬಾಗಿಲು ಇದ್ದ ಕಡೆಗೇ

ಫೆಬ್ರವರಿ 3, ಬೆಳಿಗ್ಗೆ

ಇವತ್ತೂ ಮರಳು ಜರಡಿ ಹಿಡಿಯೋದೇ. ಬಂದು ವಾರವಾಯ್ತು, ಮೇಸ್ತ್ರಿಗೆ ನನ್ನ ಮೇಲೆ ಇನ್ನೂ ನಂಬಿಕೆ ಹುಟ್ಟಿಲ್ಲ, ಗಾರೆ ಬಳಿಯೋ ಕರಣೆ ಕೈಗೆ ಕೊಡಲ್ಲ. "ಟೈಲರಮ್ಮ, ಕರಣೆ ಅಂದ್ರೆ ಕತ್ತರಿ ಅಲ್ಲ" ಅಂತಾರೆ. ಗೊತ್ತಪ್ಪಾ, ಗೊತ್ತು.

ನಮ್ಮ ಚರ್ಚ್ ಟೀಮಲ್ಲಿ ಮನೆ ಕಟ್ಟಿ ಗೊತ್ತಿರೋದು ಅವರೊಬ್ಬರಿಗೇ. ಉಳಿದವರೆಲ್ಲ ನನ್ನ ಥರದವರು — ಪಾಸ್ಟರ್, ಒಬ್ಬ ಹಲ್ಲಿನ ಡಾಕ್ಟರ್, ಟೀಚರುಗಳು, ಕ್ವಾಯರ್‌ನಲ್ಲಿ ಹಾಡೋರು. ಮಲಗೋದು ಸ್ಕೂಲ್ ಹಾಲಲ್ಲಿ, ಬೆಂಚು ಜೋಡಿಸಿಕೊಂಡು. ಸೊಂಟ ನನ್ನದಲ್ಲ ಅನ್ನೋ ಹಾಗಾಗಿದೆ. ಚಂಡಮಾರುತ ಬಂದು ಹೋಗಿ ತಿಂಗಳುಗಟ್ಟಲೆ ಆದ್ರೂ ಇಲ್ಲಿ ಮರದ ಕೊಂಬೆಗಳಲ್ಲಿ ಇನ್ನೂ ಯಾರ್ಯಾರದೋ ಬಟ್ಟೆ ನೇತಾಡ್ತಿದೆ.

ಮನೆಯವರ ಫೋನ್. ಸಕ್ಕರೆ ಡಬ್ಬಿ ಎಲ್ಲಿ ಅಂತ. ಕಣ್ಣೆದುರಿಗೇ ಇದೆ ಅಂದೆ. ಅಲ್ಲಿಲ್ಲ ಅಂದ್ರು. ಇಷ್ಟು ವರ್ಷದ ಸಂಸಾರ, ಸಕ್ಕರೆ ಡಬ್ಬಿ ಗೊತ್ತಿಲ್ಲ! ನಿಜ ಹೇಳಬೇಕಂದ್ರೆ ಸೇವೆ ಅಂತ ಬಂದಿದ್ದು ಅರ್ಧ. ಆ ಮನುಷ್ಯನಿಂದ ಒಂದು ತಿಂಗಳು ರಜೆ ಸಿಗುತ್ತಲ್ಲ ಅಂತ ಬಂದಿದ್ದು ಇನ್ನರ್ಧ.

ಫೆಬ್ರವರಿ 5

ಬೀದಿ ಕೊನೆಯ ಮನೆ ಶುರು. ಮನೆ ಅನ್ನೋಕೆ ಏನೂ ಉಳಿದಿಲ್ಲ. ಸೀಳಿದ ತಳಪಾಯ, ಒಂದೇ ಒಂದು ಮೆಟ್ಟಿಲು. ಪಕ್ಕದಲ್ಲಿ ನೀಲಿ ಟಾರ್ಪಾಲು, ಅದರ ಕೆಳಗೆ ಗಂಡ ಹೆಂಡತಿ.

ಗಂಡ ರಿಟೈರ್ಡ್ ಬಸ್ ಡ್ರೈವರ್. ಅಗಲ ಭುಜ, ಮಾತು ಕಡಿಮೆ. ಹೆಂಡತಿಗೆ ಮರೆವಿನ ಕಾಯಿಲೆ. ಗಂಡನ್ನೇ "ಡ್ರೈವರ್ರೇ" ಅಂತ ಕರೀತಾರೆ, ಬಸ್ ಹತ್ತಿದ ಪ್ಯಾಸೆಂಜರ್ ಥರ. ಅವರು ಬೇಜಾರಿಲ್ಲದೆ "ಏನಮ್ಮ" ಅಂತಾರೆ.

ನನ್ನ ನೋಡಿ ಆಕೆ ಮುಖ ಅರಳಿಸಿದ್ರು. "ಚಿಕ್ಕೀ, ಎಷ್ಟು ಸೊರಗಿದ್ದೀಯೇ!" ಚಿಕ್ಕಿ ಅಂದ್ರೆ ಅವರ ತಂಗಿಯಂತೆ, ತೀರಿಕೊಂಡು ಬಹಳ ಕಾಲವಾಯ್ತಂತೆ. ಡ್ರೈವರ್ ನನ್ನ ಕಡೆ ನೋಡಿದ್ರು — ಕ್ಷಮಿಸಿ ಅನ್ನೋ ಹಾಗೆ. ನನ್ನನ್ನ ಸೊರಗಿದ್ದೀಯಾ ಅಂದವರು ಈ ಭೂಮಿ ಮೇಲೆ ಇನ್ನೊಬ್ಬರಿಲ್ಲ. "ಹೂಂ ಅಕ್ಕಾ, ಕೆಲಸ ಜಾಸ್ತಿ" ಅಂದೆ.

ಫೆಬ್ರವರಿ 6, ಮಧ್ಯಾಹ್ನ

ಜಗಳ. ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದ್ರು, ಬಾಗಿಲು ಹಿಂದುಗಡೆಗೆ. ಮುಂದೆ ಇಟ್ರೆ ಸಮುದ್ರದ ಗಾಳಿ ನೇರ ಒಳಗೆ ನುಗ್ಗಿ ಮಾಡು ಎತ್ತಿಬಿಡುತ್ತೆ, ಹೋದ ಸಲ ಆಗಿದ್ದೂ ಅದೇ ಅಂತ. ಡ್ರೈವರ್ ಬಂದು ನಿಂತು ನೋಡಿದ್ರು. ಆಮೇಲೆ ಚಪ್ಪಲಿ ಕಾಲಲ್ಲಿ ಗೆರೆ ಅಳಿಸಿಬಿಟ್ರು. ಪೂರ್ತಿ.

"ಬಾಗಿಲು ಇದ್ದ ಕಡೆಗೇ ಇರಬೇಕು."

"ಸ್ವಾಮಿ, ಮತ್ತೆ ಗಾಳಿ ಬಂದ್ರೆ?"

"ಅಡುಗೆಮನೆ ಬಲಕ್ಕೆ. ಮಲಗೋ ಕೋಣೆ ಎಡಕ್ಕೆ. ಕಿಟಕಿಯೂ ಅಲ್ಲೇ. ಒಂದೂ ಆಚೀಚೆ ಆಗಬಾರದು. ಇಲ್ಲಾಂದ್ರೆ ನನಗೆ ಮನೆಯೇ ಬೇಡ."

ಮೇಸ್ತ್ರಿ ಕರಣೆ ಬಕೆಟ್‌ಗೆ ಎಸೆದು ಹೊರಟೇಬಿಟ್ರು. ಮುಂದಿನ ಬೀದಿಯಲ್ಲಿ ಮಕ್ಕಳಿರೋ ಮನೆಗಳು ಕಾಯ್ತಿವೆ, ಬೇಡ ಅನ್ನೋರ ಹತ್ತಿರ ಬೇಡಿಕೊಂಡು ಕೂರೋಕೆ ಆಗಲ್ಲ ಅಂತ. ಅವರು ಹೇಳಿದ್ದೂ ಸುಳ್ಳಲ್ಲ.

ಅದೇ ದಿನ, ಸಂಜೆ

ಟೀ ಕೊಡೋ ನೆಪದಲ್ಲಿ ಹೋದೆ. ಅಕ್ಕ ನಿದ್ದೆ ಮಾಡ್ತಿದ್ರು. ಯಾಕಿಷ್ಟು ಹಠ ಅಂತ ಕೇಳಿದೆ, ನೇರವಾಗಿ. ಟೀ ಲೋಟ ತಿರುಗಿಸ್ತಾ ಹೇಳಿದ್ರು.

"ಮೊದಲು ದಿನಗಳು ಮರೆತಳು. ಆಮೇಲೆ ಅಕ್ಕಪಕ್ಕದವರನ್ನ. ಆಮೇಲೆ ನನ್ನ. ಮನೆ ಮಾತ್ರ ಮರೆತಿರಲಿಲ್ಲ. ಕರೆಂಟ್ ಹೋದ್ರೂ ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗಿ ನೀರು ಕುಡಿದು ಬರ್ತಿದ್ಳು. ಅಲ್ಲಿ ನಿಂತಾಗ ಒಂದೊಂದ್ಸಲ ತಿರುಗಿ ನನ್ನ ಹೆಸರು ಹಿಡಿದು ಕರೀತಿದ್ಳು. ಒಂದೊಂದ್ಸಲ, ಅಷ್ಟೇ. ಟಾರ್ಪಾಲಿಗೆ ಬಂದ ಮೇಲೆ ಅದೂ ಇಲ್ಲ."

ಲೋಟ ತೊಳೆದಿಟ್ಟು ಬಂದೆ. ಸೀದಾ ಮೇಸ್ತ್ರಿ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಅವರು ಉಗುರಿನ ಸಂದಿಯ ಸಿಮೆಂಟ್ ಕೆರೀತಾ ಕೇಳಿಸಿಕೊಂಡ್ರು.

ಫೆಬ್ರವರಿ 7

ಬೆಳಿಗ್ಗೆ ಹೋದ್ರೆ ಮೇಸ್ತ್ರಿ ಆಗಲೇ ಅಲ್ಲಿದ್ದಾರೆ. ಹೊಸ ಗೆರೆ. ಬಾಗಿಲು ಹಳೇ ಜಾಗದಲ್ಲೇ. ಅದರ ಮುಂದೆ ಗಾಳಿಗೆ ಅಡ್ಡವಾಗಿ ದಪ್ಪ ಗೋಡೆ. "ಕೆಲಸ ಜಾಸ್ತಿ ಆಗುತ್ತೆ. ಭಾನುವಾರವೂ ದುಡೀಬೇಕು" ಅಂದ್ರು. ಪಾಸ್ಟರ್ ಕಡೆಗೆ ನೋಡಿದ್ವಿ. ಪಾಸ್ಟರ್ ಪ್ಯಾಂಟ್ ಮಡಚಿಕೊಂಡು, "ಪ್ರಾರ್ಥನೆ ಚಿಕ್ಕದಾಗಿ ಮಾಡೋಣ" ಅಂದ್ರು. ಚರ್ಚಲ್ಲಿ ಅವರ ಉದ್ದುದ್ದ ಪ್ರಸಂಗ ಕೇಳಿದವರಿಗೇ ಗೊತ್ತು ಇದು ಎಂಥಾ ತ್ಯಾಗ ಅಂತ.

ಡ್ರೈವರ್ ಹಳೇ ಮನೆ ನೆನಪು ಮಾಡಿಕೊಂಡು ಹೇಳ್ತಾ ಹೋದ್ರು. ಸ್ವಿಚ್ ಇಲ್ಲಿ. ಕಪಾಟು ಅಲ್ಲಿ. ಎತ್ತರಕ್ಕೆ ತಮ್ಮ ಎದೆ ಮುಟ್ಟಿ ತೋರಿಸಿದ್ರು — "ಅವಳ ಕೈ ಇಷ್ಟಕ್ಕೆ ಬರುತ್ತೆ."

ಫೆಬ್ರವರಿ 15

ಬರೆಯೋಕೆ ಬೆರಳು ಬಗ್ಗಲ್ಲ. ಗೋಡೆ ಮೇಲೆದ್ದಿದೆ. ನನಗೂ ಕರಣೆ ಸಿಕ್ತು, ಅಡುಗೆಮನೆಯ ಒಳಗೋಡೆಗೆ. "ಯಾರಿಗೂ ಕಾಣದ ಗೋಡೆ ಕೊಟ್ಟಿದ್ದೀನಿ" ಅಂದ್ರು ಮೇಸ್ತ್ರಿ. ಇರಲಿ.

ಅಕ್ಕ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂರ್ತಾರೆ. "ಚಿಕ್ಕೀ, ಮದುವೆ ಯಾವಾಗ ಆಗ್ತೀಯ?" ಆಗಿದೆ ಅಕ್ಕ ಅಂದೆ. "ಒಳ್ಳೆಯವನಾ?" ಸಿಮೆಂಟ್ ಕಲಸ್ತಾ ಯೋಚಿಸಿದೆ. "ಒಳ್ಳೆಯವರೇ. ಸ್ವಲ್ಪ ಪೆದ್ದು." "ಎಲ್ಲರೂ ಪೆದ್ದೇ ಕಣೇ" ಅಂತ ಪಿಸುಗುಟ್ಟಿ ಬಾಯಿಗೆ ಸೆರಗು ಇಟ್ಕೊಂಡು ನಕ್ಕರು. ಮಾಡಿನ ಮೇಲೆ ತಗಡು ಕೂರಿಸ್ತಿದ್ದ ಡ್ರೈವರ್ ಆ ನಗು ಕೇಳಿ ಬಗ್ಗಿ ನೋಡಿದ್ರು. ಸುತ್ತಿಗೆ ಎತ್ತಿದ ಕೈ ಎತ್ತಿದಂತೆಯೇ ಇತ್ತು.

ಫೆಬ್ರವರಿ 23, ಸಂಜೆ

ಏನಂತ ಬರೀಲಿ.

ಬಣ್ಣ ಒಣಗಿತ್ತು. ಪಾಸ್ಟರ್ ನಾಲ್ಕು ಮಾತು ಪ್ರಾರ್ಥನೆ ಮಾಡಿದ್ರು. ಡ್ರೈವರ್ ಇಸ್ತ್ರಿ ಶರ್ಟು ಹಾಕಿದ್ರು, ಅಕ್ಕನ ತಲೆ ಬಾಚಿದ್ದೂ ಅವರೇ. ಕೈ ಹಿಡಿದು ಬಾಗಿಲಿಗೆ ಕರೆತಂದ್ರು. ನಾವೆಲ್ಲ ಹಿಂದೆ ನಿಂತಿದ್ವಿ.

ಅಕ್ಕ ಒಳಗೆ ಕಾಲಿಟ್ರು. ಸುತ್ತ ನೋಡಿದ್ರು. ಗೋಡೆ ಮುಟ್ಟಿದ್ರು. ಬಲಕ್ಕೆ ತಿರುಗಲಿಲ್ಲ. ಎಲ್ಲಿಗೂ ತಿರುಗಲಿಲ್ಲ.

"ಚೆನ್ನಾಗಿದೆ. ಯಾರ ಮನೆ?"

"ನಮ್ಮದೇ ಅಮ್ಮ" ಅಂದ್ರು ಡ್ರೈವರ್.

"ಸುಮ್ನಿರಿ, ಮನೆಯವರು ಕೇಳಿಸಿಕೊಂಡಾರು!" ಅಂತ ಗದರಿ, ಸೆರಗು ಹೊದ್ದು ಹೊರಗೆ ಬಂದುಬಿಟ್ರು. ಟಾರ್ಪಾಲಿನ ಕಡೆಗೆ.

ಮೇಸ್ತ್ರಿ ಗೋಡೆ ಕಡೆ ತಿರುಗಿ ನಿಂತಿದ್ರು. ಕಣ್ಣಿಗೆ ಸುಣ್ಣ ಬಿತ್ತು ಅಂದ್ರು. ಸುಣ್ಣದ ಕೆಲಸ ಮುಗಿದು ಎಷ್ಟು ದಿನ ಆಯ್ತು! ಡ್ರೈವರ್ ಒಬ್ಬರೇ ಹೊಸ ಅಡುಗೆಮನೆಯಲ್ಲಿ ನಿಂತಿದ್ರು. ನಲ್ಲಿ ತಿರುಗಿಸಿ, ನೀರು ಬಿಟ್ಟು, ನಿಲ್ಲಿಸಿ... ಮತ್ತೆ ಬಿಟ್ಟು.

ಫೆಬ್ರವರಿ 24

ಇಬ್ಬರೂ ಟಾರ್ಪಾಲಲ್ಲೇ ಮಲಗಿದ್ರಂತೆ. ಪಕ್ಕದಲ್ಲಿ ಹೊಸ ಮನೆ ಇಟ್ಕೊಂಡು. ಬೆಳಿಗ್ಗೆ ಡ್ರೈವರ್ ನನ್ನ ಹತ್ತಿರ ಬಂದ್ರು. "ನಿಮ್ಮ ಮೇಸ್ತ್ರಿಗೆ ಹೇಳಿ. ಬಾಗಿಲಿನ ಹಠ ಅವಳಿಗೋಸ್ಕರ ಅಂದುಕೊಂಡಿದ್ದೆ. ನನಗೇ ಬೇಕಿತ್ತೇನೋ." ನೀವೇ ಹೇಳಿ ಅಂದೆ. ಹೋದ್ರು. ದೂರದಿಂದ ನೋಡಿದೆ — ಮೇಸ್ತ್ರಿ ತಮ್ಮ ಬ್ರೆಡ್ಡಲ್ಲಿ ಅರ್ಧ ಮುರಿದು ಅವರ ಕೈಗಿಟ್ಟರು. ಇಬ್ಬರೂ ಇಟ್ಟಿಗೆ ರಾಶಿ ಮೇಲೆ ಕೂತು ತಿಂದ್ರು.

ಫೆಬ್ರವರಿ 25, ಮಧ್ಯಾಹ್ನ

ಬೆಳಿಗ್ಗೆಯಿಂದ ಗಾಳಿ. ಟಾರ್ಪಾಲು ಪಟಪಟ ಹೊಡ್ಕೊಳ್ತಿತ್ತು, ಅಕ್ಕ ಕಿವಿ ಮುಚ್ಚಿಕೊಂಡು ನಡುಗ್ತಿದ್ರು. ಆವತ್ತಿನ ಗಾಳಿ ಮಾತ್ರ ಮರೆತಿಲ್ಲ, ನೋಡಿ. ನಮ್ಮನೆಗೆ ಹೋಗೋಣ ಅಂತ ಡ್ರೈವರ್ ಎಷ್ಟು ಕರೆದ್ರೂ, "ಕಂಡವರ ಮನೆಗೆ ಹಾಗೆಲ್ಲ ನುಗ್ತಾರಾ!"

ಆಮೇಲೆ ಏನು ಹೊಳೀತೋ. ಡ್ರೈವರ್ ಎದ್ದು ಹೊಸ ಮನೆಗೆ ಹೋದ್ರು. ಬಾಗಿಲಲ್ಲಿ ನಿಂತು ಕೂಗಿದ್ರು, ಬಸ್ ನಿಲ್ದಾಣಕ್ಕೆಲ್ಲ ಕೇಳಿಸೋ ಗಂಟಲಲ್ಲಿ —

"ಅಮ್ಮಾ, ಈ ಮನೆಯವರು ನಿಮ್ಮನ್ನ ಕರೀತಿದ್ದಾರೆ! ಗಾಳಿ ನಿಲ್ಲೋವರೆಗೂ ನಮ್ಮಲ್ಲೇ ಇರಿ ಅಂತಿದ್ದಾರೆ!"

ಅಕ್ಕ ನನ್ನ ನೋಡಿದ್ರು. "ಹೋಗೋಣ್ವಾ ಚಿಕ್ಕೀ? ಕರೆದಾಗ ಹೋಗದಿದ್ರೆ ಚೆನ್ನಾಗಿರಲ್ಲ."

ಹೋದ್ವಿ. ಅಕ್ಕ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು, ಸಂಕೋಚದಿಂದ ಕುರ್ಚಿಯ ತುದಿಯಲ್ಲಿ ಕೂತ್ರು. ಡ್ರೈವರ್ ಟೀ ತಂದುಕೊಟ್ರು, ಅಕ್ಕನ ಲೆಕ್ಕದಲ್ಲಿ ಈಗ ಅವರೇ ಆ ಮನೆಯವರು. "ನಿಮಗ್ಯಾಕೆ ತೊಂದರೆ" ಅಂದ್ರು ಅಕ್ಕ. "ತೊಂದರೆ ಏನು ಬಂತು, ನೀವು ಬಂದಿದ್ದೇ ಸಂತೋಷ" ಅಂದ್ರು ಅವರು. ಗಂಡ ಹೆಂಡತಿ! ಹೊಸದಾಗಿ ಪರಿಚಯ ಆದವರ ಹಾಗೆ ಮಾತು... ಎಲ್ಲಿಯವರು ನೀವು, ಮನೇಲಿ ಯಾರ್ಯಾರಿದ್ದಾರೆ. ಅಕ್ಕನಿಗೆ ಮಾತಾಡೋಕೆ ಎಷ್ಟು ಆಸೆ! ಡ್ರೈವರ್ ನೆಲದ ಮೇಲೆ ಕೂತು, ಗಲ್ಲಕ್ಕೆ ಕೈಕೊಟ್ಟು ಕೇಳಿಸಿಕೊಳ್ತಿದ್ರು. ಅವರಿಗೆ ಗೊತ್ತಿರದ ಸಂಗತಿ ಒಂದಾದ್ರೂ ಇತ್ತಾ ಅದರಲ್ಲಿ?

ನಾನು ಹೊರಗೆ ಬಂದು ನಮ್ಮ ಮನೆಯವರಿಗೆ ಫೋನ್ ಮಾಡಿದೆ. "ಏನಾಯ್ತು? ಬಿದ್ಯಾ?" ಅಂತ ಗಾಬರಿ. ಏನಿಲ್ಲ, ಸುಮ್ನೆ ಅಂದೆ. ಈ ಮನುಷ್ಯನಿಗೆ ಸುಮ್ಸುಮ್ನೆ ಫೋನ್ ಮಾಡಿ ಯಾವ ಕಾಲವಾಯ್ತೋ. ಇವತ್ತು ಏನು ಮಾಡಿದ್ರಿ ಹೇಳಿ ಅಂದೆ. ಮೊದಲು ತಡವರಿಸಿದ್ರು. ಆಮೇಲೆ ಹೇಳ್ತಾ ಹೋದ್ರು. ಚಾರ್ಜ್ ಮುಗಿಯೋವರೆಗೂ.

ಫೆಬ್ರವರಿ 28, ವ್ಯಾನಲ್ಲಿ

ಹೊರಟ್ವಿ. ಮೊದಲು ಕೊನೇ ಮನೆಗೆ ಹೋಗಿ ಹೇಳಿ ಬಂದೆ. ಗಾಳಿ ನಿಂತರೂ ಅಕ್ಕ ಅಲ್ಲೇ ಇದ್ದಾರೆ. ದಿನಾ ಬೆಳಿಗ್ಗೆ ಹೊರಡ್ತೀನಿ ಅಂತಾರಂತೆ, ದಿನಾ ಡ್ರೈವರ್ "ಇವತ್ತೊಂದು ದಿನ ಇರಿ" ಅಂತಾರಂತೆ. ಇರ್ತಾರೆ.

ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ಒರೆಸ್ತಿದ್ರು. "ಬರೀ ಕೂತು ತಿಂದ್ರೆ ಆಗುತ್ತಾ, ಅವರಿಗೂ ಒಂದು ಕೈ ಸಹಾಯ." ನಾನು ಹೋಗ್ತಿದ್ದೀನಿ ಅಂದೆ. ಒದ್ದೆ ಕೈಯಲ್ಲೇ ನನ್ನ ಕೆನ್ನೆ ಹಿಡಿದ್ರು. ಈ ಸಲ ಚಿಕ್ಕಿ ಅನ್ನಲಿಲ್ಲ. ನಾನು ಯಾರು ಅಂತ ಹುಡುಕ್ತಿದ್ರು, ಸಿಗಲಿಲ್ಲ. ಕೈ ಮಾತ್ರ ಬಿಡಲಿಲ್ಲ. ಆಮೇಲೆ ಕಿವಿ ಹತ್ತಿರ ಬಗ್ಗಿ —

"ಈ ಮನೆಯವರು ತುಂಬಾ ಒಳ್ಳೆಯವರು. ಆದ್ರೆ ಪಾಪ, ಒಂಟಿ. ನಾನು ಹೊರಟುಬಿಟ್ರೆ ಅವರಿಗೆ ಯಾರಿದ್ದಾರೆ ಹೇಳು? ಅದಕ್ಕೇ... ಇದ್ದುಬಿಡೋಣ ಅಂತಿದ್ದೀನಿ."

ಬಾಗಿಲ ಹತ್ತಿರ ನಿಂತಿದ್ದ ಡ್ರೈವರಿಗೆ ಕೇಳಿಸಿತು. ಅವರು ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ವ್ಯಾನ್ ಹತ್ತಿದ ಮೇಲೆ ಹಿಂದಿನ ಗಾಜಿನಿಂದ ನೋಡಿದೆ, ಇಬ್ಬರೂ ಮೆಟ್ಟಿಲ ಮೇಲೆ. ಅಕ್ಕ ಏನೋ ಹೇಳ್ತಿದ್ದಾರೆ, ಅವರು ತಲೆ ಬಗ್ಗಿಸಿ ಕೇಳ್ತಿದ್ದಾರೆ, ಆಮೇಲೆ ಅವರು... ವ್ಯಾನ್ ತಿರುಗಿಬಿಡ್ತು, ಕಾಣಲಿಲ್ಲ.

ರಸ್ತೆ ಬರೀ ಗುಂಡಿ. ಅಕ್ಷರ ಎಲ್ಲಾ ಕುಣೀತಿದೆ.